ಜೋನಿ ಬೆಲ್ಲ, ಅನ್ನ ಮತ್ತು ರಕ್ತದ ಸಕ್ಕರೆ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ದೋಸೆಗೆ ಜೋನಿ ಬೆಲ್ಲವನ್ನು ಹಚ್ಚಿಕೊಂಡು ತಿನ್ನುವುದು ರೂಢಿ. ಚಹಾಕ್ಕೆ ಸಕ್ಕರೆ ಹಾಕುವುದನ್ನು ಬಿಟ್ಟ ಮಧುಮೇಹಿಗಳಲ್ಲಿಯೂ ಕೆಲವರು, ಬೆಲ್ಲದಿಂದ ಬಾಧೆಯಿಲ್ಲವೆಂದು ನಂಬುವುದುಂಟು. ಈ ನಂಬಿಕೆ ಸರಿಯೆ? ತಿಂದ ಆಹಾರವು ರಕ್ತವನ್ನು ಸೇರುವ ಬಗೆಯನ್ನು ನೋಡೋಣ.

ಅಕ್ಕಿಯ ಪಿಷ್ಟವು ಗ್ಲೂಕೋಸ್ ಅಣುಗಳ ಉದ್ದನೆಯ ಸರಪಳಿ. ಬಾಯಿಯ ಜೊಲ್ಲೂ ಸಣ್ಣ ಕರುಳಿನ ಜೀರ್ಣರಸಗಳೂ ಅದನ್ನು ತುಂಡರಿಸಿ ಬಿಡಿ ಗ್ಲೂಕೋಸಾಗಿ ಮಾಡುತ್ತವೆ. ಕಬ್ಬಿನ ಸಕ್ಕರೆಯಾದರೋ ಎರಡೇ ಕೊಂಡಿಗಳದು: ಒಂದು ಗ್ಲೂಕೋಸ್, ಇನ್ನೊಂದು ಫ್ರಕ್ಟೋಸ್. ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ನೀರು ಆವಿಯಾಗಿ ಹೋಗುತ್ತದೆ, ಸಕ್ಕರೆ ಉಳಿಯುತ್ತದೆ. ಬೆಲ್ಲದಲ್ಲಿ ಕೆಲವು ಲವಣಗಳಿರುವುದು ನಿಜ; ಆದರೆ ಅವು ಸಕ್ಕರೆಯ ಪರಿಣಾಮವನ್ನು ತಡೆಯಲಾರವು.

ಈಗ ಒಂದು ಲೆಕ್ಕ ಮಾಡೋಣ. ವಯಸ್ಕರ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿದೆ. ಆರೋಗ್ಯವಂತರಲ್ಲಿ, ಬರಿಹೊಟ್ಟೆಯಲ್ಲಿರುವಾಗ, 100 ಮಿಲಿಲೀಟರಿನಲ್ಲಿ 100 ಮಿಲಿಗ್ರಾಮಿಗಿಂತ ಕಡಿಮೆ ಗ್ಲೂಕೋಸ್ ಇರುತ್ತದೆ. ಎಂದರೆ ಇಡೀ ರಕ್ತದಲ್ಲಿ 5 ಗ್ರಾಮಿನಷ್ಟು, ಒಂದು ಚಹಾ ಚಮಚೆಯಷ್ಟು ಮಾತ್ರ! 100 ಗ್ರಾಂ ಅಕ್ಕಿಯಲ್ಲಿಯೋ ಸುಮಾರು 78 ಗ್ರಾಂ ಶರ್ಕರಪಿಷ್ಟವಿದೆ. ಇದರಿಂದ ಬರುವ ಗ್ಲೂಕೋಸನ್ನು ಸ್ನಾಯು, ಯಕೃತ್ತುಗಳಿಗೆ ಸಾಗಿಸಿ ಸಂಗ್ರಹಿಸಲು ಮೇದೋಜೀರಕ ಗ್ರಂಥಿಯ ಇನ್ಸುಲಿನ್ ಬೇಕು. ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ 1921ರಲ್ಲಿ ಬೇರ್ಪಡಿಸಿದ್ದು ಇದನ್ನೇ. ಇನ್ಸುಲಿನ್ ಸಾಲದಿದ್ದರೆ ಅಥವಾ ಅದರ ಪ್ರಭಾವ ಕುಂದಿದರೆ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಬರಿಹೊಟ್ಟೆಯ ಪರೀಕ್ಷೆಯಲ್ಲಿ ಅದು ಮತ್ತೆ ಮತ್ತೆ 126 ಮಿಲಿಗ್ರಾಂ ಅಥವಾ ಹೆಚ್ಚು ಕಂಡರೆ ಮಧುಮೇಹವೆನ್ನುತ್ತಾರೆ. ಬಹುಕಾಲ ಹೀಗೆಯೇ ಇದ್ದರೆ ಕಣ್ಣು, ಮೂತ್ರಪಿಂಡ, ನರಗಳು ಕೆಡುತ್ತವೆ.

ಹಾಗಾದರೆ ಅನ್ನವನ್ನೇ ಬಿಡಬೇಕೆ? ಬೇಕಿಲ್ಲ. ಪ್ರಮಾಣವೂ ವೇಗವೂ ಇಲ್ಲಿ ಮುಖ್ಯ. ಆಹಾರಗಳು ರಕ್ತದ ಸಕ್ಕರೆಯನ್ನು ಏರಿಸುವ ಪರಿಯನ್ನು ಹೋಲಿಸುವ ಸೂಚ್ಯಂಕವೊಂದನ್ನು 1981ರಲ್ಲಿ ಡೇವಿಡ್ ಜೆಂಕಿನ್ಸ್ ಮತ್ತು ಅವರ ಸಂಗಡಿಗರು ಪ್ರಕಟಿಸಿದರು. ಅದರಂತೆ ಹೆಸರು, ಕಡಲೆ ಮುಂತಾದ ಕಾಳುಗಳು ನಿಧಾನವಾಗಿಯೂ ಬಿಳಿಯನ್ನವು ಸಾಮಾನ್ಯವಾಗಿ ಬೇಗನೆಯೂ ಸಕ್ಕರೆಯನ್ನು ಏರಿಸುತ್ತವೆ. ಅನ್ನದ ರಾಶಿಯನ್ನು ಕಿರಿದಾಗಿಸಿ, ಕಾಳಿನ ಪಲ್ಯ, ಸೊಪ್ಪು, ಒಂದೆಲಗದ ತಂಬುಳಿಗಳಿಗೆ ಎಲೆಯಲ್ಲಿ ಹೆಚ್ಚು ಜಾಗ ಕೊಟ್ಟರೆ ಏರಿಕೆ ತಗ್ಗುತ್ತದೆ.

ಇನ್ನೊಂದು ಮಾತು. ಇನ್ಸುಲಿನ್ ಚುಚ್ಚಿಸಿಕೊಂಡವರು ಊಟ ತಪ್ಪಿಸಿದರೆ ಸಕ್ಕರೆ 70 ಮಿಲಿಗ್ರಾಮಿಗಿಂತ ಕೆಳಗಿಳಿದು ನಡುಕ, ಬೆವರು, ಮಂಕು ಉಂಟಾಗಬಹುದು. ಎಚ್ಚರವಿರುವ ರೋಗಿಗೆ ಆಗ ಕೂಡಲೇ ಸುಮಾರು 15 ಗ್ರಾಂ ಸಕ್ಕರೆ ಕೊಡಬೇಕು; ಅದು ಕೈಗೆ ಸಿಗದಿದ್ದರೆ ಜೋನಿ ಬೆಲ್ಲವೂ ನೆರವಾದೀತು. ಬೆಲ್ಲವು ಸಕ್ಕರೆಯೇ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?