ಮೀನುಗಾರಿಕೆ ತೆಪ್ಪಗಳ ಸೋರಿಕೆ: ಪತ್ತೆ ಹಾಗೂ ದುರಸ್ತಿ

ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಮಲಪ್ರಭಾ ನದಿಗೆ ಕಟ್ಟಿದ ಅಣೆಕಟ್ಟಿನಿಂದ ರೇಣುಕಾಸಾಗರ ಜಲಾಶಯ ಉಂಟಾಗಿದೆ. ಅದರ ದಂಡೆಯ ಗ್ರಾಮ ಪಂಚಾಯತಿ ಸದಸ್ಯರು ಕೆಳಗಿನ ಕ್ರಮವನ್ನು ಮೀನುಗಾರರಿಗೆ ಮನವರಿಕೆ ಮಾಡಿಕೊಡತಕ್ಕದ್ದು.

ತೆಪ್ಪದೊಳಗಿನ ನೀರೆಲ್ಲವೂ ಸೋರಿಕೆಯಲ್ಲ. ಒದ್ದೆ ಬಲೆಯಿಂದಲೂ ಅಲೆಯಿಂದಲೂ ನೀರು ಸೇರುತ್ತದೆ. ಆದ್ದರಿಂದ ತೆಪ್ಪವನ್ನು ಒರೆಸಿ ಒಣಗಿಸಿ, ದಡದ ಬಳಿ 30 ನಿಮಿಷ ತೇಲಿಬಿಡಬೇಕು. ಭಾರ ಹೇರಿದಾಗ ಮಾತ್ರ ಮುಳುಗುವ ಬದಿಯಲ್ಲಿಯೂ ಬಿರುಕಿರಬಹುದು. ಆದಕಾರಣ ಒಳಗೆ ಒಣ ಮರಳಿನ ಚೀಲಗಳನ್ನಿಡುವುದು ಅವಶ್ಯ. ಒಳಗೆ ಒದ್ದೆ ಕಂಡಲ್ಲಿ ಗುರುತು ಮಾಡಬೇಕು.

ಬಿದಿರಿನ ತೆಪ್ಪವಾದರೆ ಹರಿದ ಹೊದಿಕೆಯನ್ನು ಬದಲಿಸಬೇಕು. ಫೈಬರ್ ತೆಪ್ಪವಾದರೆ ಬಿರುಕಿನ ಸುತ್ತ ಉಜ್ಜಿ, ಪೂರ್ಣ ಒಣಗಿದ ಬಳಿಕವೇ ಫೈಬರ್ ಮ್ಯಾಟ್ ಮತ್ತು ರೆಸಿನ್ ಹಚ್ಚಬೇಕು. ತೇವದ ಮೇಲೆ ಹಚ್ಚಿದ ತೇಪೆ ನಡುನೀರಿನಲ್ಲಿ ಕಳಚಿ ಜೀವಕ್ಕೇ ಅಪಾಯ ತರಬಹುದು. ದುರಸ್ತಿಯ ನಂತರ ಇದೇ ಪರೀಕ್ಷೆಯನ್ನು ಪುನಃ ನಡೆಸದೆ, ಜೀವರಕ್ಷಕ ಜಾಕೆಟ್ ಧರಿಸದೆ ಯಾರೂ ಜಲಾಶಯಕ್ಕೆ ಇಳಿಯಬಾರದು.