ಶುಭಾಶಯದ ಖರ್ಚು

ಇಂಗ್ಲಿಷಿನಲ್ಲಾದರೆ ಒಂದು ಎಸ್‌ಎಂಎಸ್‌ಗೆ 160 ಅಕ್ಷರ ಹಿಡಿಸುತ್ತದೆ. ಕನ್ನಡದಲ್ಲಿ 70 ಮಾತ್ರ. ಅದರಲ್ಲೂ ಒತ್ತು, ಕೊಂಬು, ಸೊನ್ನೆ, ನಡುವಿನ ಖಾಲಿ ಜಾಗ ಎಲ್ಲವೂ ಒಂದೊಂದಾಗಿ ಲೆಕ್ಕಕ್ಕೆ ಬರುತ್ತವೆ. ‘ಸಮಸ್ತ ಗ್ರಾಹಕ ಬಂಧುಗಳಿಗೆ ದೀಪಾವಳಿ ಹಬ್ಬದ ಹಾರ್ದಿಕ ಶುಭಾಶಯಗಳು’ ಅನ್ನುವಷ್ಟರಲ್ಲೇ 54 ಮುಗಿದಿರುತ್ತದೆ, ಇನ್ನೂ ಏನು ಮಾರುತ್ತೇವೆಂದೇ ಹೇಳಿರುವುದಿಲ್ಲ. ಇಡೀ ಸಂದೇಶ 150 ಅಕ್ಷರಕ್ಕೆ ಹೋದರೆ ಮೂರು ಎಸ್‌ಎಂಎಸ್‌ನ ದುಡ್ಡು. ಒಂದಕ್ಕೆ 20 ಪೈಸೆ ಹಿಡಿದರೂ ಐದು ಸಾವಿರ ಗಿರಾಕಿಗಳಿಗೆ 3,000 ರೂಪಾಯಿ. ಅದನ್ನೇ 70ರೊಳಗೆ ಹೇಳಿದರೆ 1,000.

ಈ ಲೆಕ್ಕ ನನಗೆ ಹೇಳಿಕೊಟ್ಟವರು ನಾನು ದುಡ್ಡು ಕೊಟ್ಟು ಬರೆಸಿಕೊಳ್ಳುವ ಫ್ರೀಲಾನ್ಸ್ ಕಾಪಿರೈಟರ್. ತಿಪಟೂರಿನ ಕೊಬ್ಬರಿಯಿಂದ ಮರದ ಗಾಣದಲ್ಲಿ ಎಣ್ಣೆ ತೆಗೆದು ಮಾರುವ ಮನೆ ನಮ್ಮದು. ಬರೆಯುವುದಕ್ಕೂ ದುಡ್ಡೇ ಎಂದು ಮನೆಯಲ್ಲಿ ಗೊಣಗಾಟವಿತ್ತು. ಲೇಬಲ್, ಹಬ್ಬದ ಎಸ್‌ಎಂಎಸ್, ವಾಟ್ಸ್‌ಆ್ಯಪ್ ಕೆಟಲಾಗ್ ಎಲ್ಲ ಸೇರಿ 15,000, ಅರ್ಧ ಮುಂಗಡ ಎಂದು ಮಾತಾಯಿತು. ಪದಕ್ಕಿಷ್ಟು ಎಂಬ ದರವನ್ನು ಅವರೂ ಕೇಳಲಿಲ್ಲ, ನಾನೂ ಎತ್ತಲಿಲ್ಲ. ಪದ ಎಣಿಸಿ ದುಡ್ಡು ಕೊಟ್ಟರೆ ಉದ್ದ ಬರೆಯುವುದೇ ಲಾಭವಾಗುತ್ತದೆ. ನನಗೆ ಬೇಕಿದ್ದುದು ಅದರ ಉಲ್ಟಾ.

ನಮ್ಮ ಎಣ್ಣೆಯ ಗುಣಗಾನಕ್ಕೆ ನಾನು ತಯಾರಾಗಿ ಕೂತಿದ್ದರೆ ಅವರು ಕೇಳಿದ್ದೇ ಬೇರೆ: “ಸರ್, ಗಿರಾಕಿಗಳು ಫೋನ್ ಮಾಡಿ ಯಾವುದಕ್ಕೆ ಬೈತಾರೆ, ಅದನ್ನ ಹೇಳಿ.” ಯೋಚಿಸಬೇಕಾಗಿಯೇ ಇರಲಿಲ್ಲ. ಕೊಬ್ಬರಿ ಎಣ್ಣೆ 24 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ. ಡಿಸೆಂಬರ್ ಬಂತೆಂದರೆ ಬೆಂಗಳೂರಿನಿಂದ ಫೋನ್ ಶುರು: ಎಣ್ಣೆ ಬೆಳ್ಳಗೆ ಕಟ್ಟಿಕೊಂಡಿದೆ, ಏನು ಬೆರೆಸಿದ್ದೀರಿ? ಕೆಲವರು ಬಾಟಲಿ ವಾಪಸು ಕಳಿಸುತ್ತಿದ್ದರು; ಹೋಗುವ, ಬರುವ ಎರಡೂ ಕೊರಿಯರ್ ಖರ್ಚು ನಮ್ಮ ತಲೆಗೆ. ಕಾಪಿರೈಟರ್ ಮುಚ್ಚಳದ ಪಕ್ಕದಲ್ಲೇ ಬರೆದರು: ‘ಚಳಿಗೆ ಗಟ್ಟಿಯಾಗುತ್ತೆ. ಬಿಸಿಲಿಗಿಡಿ, ಕರಗುತ್ತೆ.’ ಆಮೇಲಿನ ಚಳಿಗಾಲದಲ್ಲಿ ವಾಪಸು ಬರುವುದು ಹೆಚ್ಚುಕಡಿಮೆ ನಿಂತೇಹೋಯಿತು. ಸಣ್ಣ ವ್ಯಾಪಾರಕ್ಕೆ ಜಾಹೀರಾತಿನ ಘೋಷಣೆಗಿಂತ ಇಂಥ ಸಾಲಿಗೇ ಹೆಚ್ಚು ಬೆಲೆ ಎಂದು ನನ್ನ ಖಚಿತ ಅಭಿಪ್ರಾಯ.

ಒಂದನ್ನು ಮಾತ್ರ ಬರೆಯಲೊಲ್ಲೆ ಅಂದರು. ನಮ್ಮ ಎಣ್ಣೆಯಿಂದ ಶುಗರ್ ವಾಸಿಯಾಗುತ್ತದೆ ಎಂದು ಹಾಕಿಸಿ ಎಂಬುದು ನಮ್ಮ ಭಾವನವರ ಆಸೆ. ಸಕ್ಕರೆ ಕಾಯಿಲೆ ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 10 ಲಕ್ಷದವರೆಗೆ ದಂಡ ಬೀಳಬಹುದು. ಭಾವ ಈಗಲೂ ಒಪ್ಪಿಲ್ಲ, ಆ ಮಾತು ಬೇರೆ.

ತೆರಿಗೆಯ ಮಾತು ಚಿಕ್ಕದು. ವರ್ಷಕ್ಕೆ 20 ಲಕ್ಷದೊಳಗೆ ದುಡಿಯುವ ಬರಹಗಾರರು ಸಾಮಾನ್ಯವಾಗಿ ಜಿಎಸ್‌ಟಿ ಹಾಕುವುದಿಲ್ಲ. ನೋಂದಣಿಯಾದ ಏಜೆನ್ಸಿಯಾದರೆ ಬಿಲ್ಲಿನ ಮೇಲೆ ಶೇ 18. ನಮ್ಮಂತೆ ಕಾಂಪೋಸಿಷನ್ ಸ್ಕೀಮಿನಲ್ಲಿರುವವರಿಗೆ ಅದು ಕ್ರೆಡಿಟ್ಟಾಗಿ ಸಿಗುವುದೂ ಇಲ್ಲ. ಹಿಂದಿನ ವರ್ಷದ ವಹಿವಾಟು ಒಂದು ಕೋಟಿ ದಾಟಿದ್ದರೆ ಶೇ 10 ಟಿಡಿಎಸ್ ಹಿಡಿಯುವುದನ್ನು ನೋಡಬೇಕು. 2025ರ ಏಪ್ರಿಲ್‌ನಿಂದ ಅದರ ಮಿತಿ ವರ್ಷಕ್ಕೆ 50,000 ರೂಪಾಯಿ.

ಹೆಚ್ಚಿನವರು ಮರೆಯುವುದು ಹಕ್ಕಿನ ಪತ್ರವನ್ನು. ಸಂಬಳದ ನೌಕರ ಬರೆದದ್ದು ಮಾಲೀಕನದು. ಫ್ರೀಲಾನ್ಸರ್ ಬರೆದದ್ದರ ಕಾಪಿರೈಟ್ ಮಾತ್ರ, ದುಡ್ಡು ಕೊಟ್ಟ ಮೇಲೂ, ಬರೆದವರಲ್ಲೇ ಉಳಿಯುತ್ತದೆ; ಅವರು ಸಹಿ ಹಾಕಿ ಬರೆದುಕೊಡಬೇಕು. ಪತ್ರದಲ್ಲಿ ಅವಧಿ ನಮೂದಿಸದಿದ್ದರೆ 1957ರ ಕಾಯ್ದೆಯ ಪ್ರಕಾರ ಐದೇ ವರ್ಷ. ಲೇಬಲ್ಲು ಅದಕ್ಕಿಂತ ಹೆಚ್ಚು ಕಾಲ ಅಂಟಿಸಬೇಕಲ್ಲ, ಹಾಗಾಗಿ ನಮ್ಮ ಪತ್ರದಲ್ಲಿ ‘ಕಾಪಿರೈಟ್ ಇರುವಷ್ಟೂ ಕಾಲ’ ಎಂದು ಬರೆಸಿದೆವು. ಆ ಸಾಲಿಗೆ ಅವರು ಬೇರೆ ದುಡ್ಡು ಕೇಳಲಿಲ್ಲ. ಬಾಕಿ ಅರ್ಧ ಕೈಗೆ ಬಂದ ಮೇಲೆ ಸಹಿ ಎಂದರು, ಅಷ್ಟೇ.