ಹೊಸಬರಿಗೆ ಮೂರು ಕ್ಯಾಟ್ಲಿಯಾ ಆರ್ಕಿಡ್‌ಗಳು

ಬಣ್ಣ, ಗಾತ್ರ, ಸುವಾಸನೆಗಳಿಂದ ಮನ ಸೆಳೆಯುವ ಕ್ಯಾಟ್ಲಿಯಾಗಳ ತವರು ಮಧ್ಯ ಮತ್ತು ದಕ್ಷಿಣ ಅಮೆರಿಕ. ಅಲ್ಲಿ ಹೆಚ್ಚಿನವು ಮರಗಳ ಮೇಲೆ ಬೆಳೆಯುತ್ತವೆ; ಆದರೆ ಮರದಿಂದ ಆಹಾರ ಹೀರುವುದಿಲ್ಲ. ನಮ್ಮ ಕೊಡಗು, ಮಲೆನಾಡುಗಳ ತಂಪು ಹವೆ ಇವಕ್ಕೆ ಹೊಂದುತ್ತದೆ.

ಜಾತಿಗಳ ಆಯ್ಕೆ: ಬೇರೆ ಬೇರೆ ಕಾಲದಲ್ಲಿ ಹೂ ಬಿಡುವ ಜಾತಿಗಳನ್ನು ಆರಿಸುವುದು ಲೇಸು.

1. ಲೇಬಿಯೇಟಾ: ಬ್ರೆಜಿಲ್ ಮೂಲದ್ದು. ಮಳೆಗಾಲ ಮುಗಿಯುವ ವೇಳೆಗೆ ದೊಡ್ಡ ನೇರಳೆ ಹೂ ಬಿಡುತ್ತದೆ.

2. ಟ್ರಿಯಾನೆ: ಕೊಲಂಬಿಯಾದ ರಾಷ್ಟ್ರೀಯ ಪುಷ್ಪ. ಚಳಿಗಾಲದ ಹೂ.

3. ಸ್ಕಿನ್ನೆರಿ: ಕೋಸ್ಟರಿಕಾದ ರಾಷ್ಟ್ರೀಯ ಪುಷ್ಪ. ಬೇಸಿಗೆಯ ಆರಂಭದಲ್ಲಿ ಗೊಂಚಲು ಹೂ ಬಿಡುತ್ತದೆ. ಸಸ್ಯಶಾಸ್ತ್ರಜ್ಞರು 2003ರಲ್ಲಿ ಇದನ್ನು ಗ್ವಾರಿಯಾಂತೆ ಎಂಬ ಬೇರೆ ಕುಲಕ್ಕೆ ಸೇರಿಸಿದರೂ ಹಳೆಯ ಹೆಸರೂ ಬಳಕೆಯಲ್ಲಿದೆ.

ಗಿಡದ ಆಯ್ಕೆ: ಅಗ್ಗವೆಂದು ಎಳೆಯ ಸಸಿ ಕೊಂಡರೆ ಹೂವಿಗಾಗಿ ನಾಲ್ಕಾರು ವರ್ಷ ಕಾಯಬೇಕಾದೀತು. ನಾಲ್ಕೈದು ಉಬ್ಬಿದ ಕಾಂಡಗಳಿದ್ದು, ಒಮ್ಮೆಯಾದರೂ ಹೂ ಬಿಟ್ಟ ಗಿಡವನ್ನೇ ಕೊಳ್ಳಿರಿ. ಬೇರು ಬೆಳ್ಳಗೆ, ಗಟ್ಟಿಯಾಗಿರಬೇಕು. ಎಲೆಯಲ್ಲಿ ಕಪ್ಪು ಮಚ್ಚೆ, ಬಿಳಿ ಹುರುಪೆ ಕೀಟ ಇರಬಾರದು.

ಆರೈಕೆ: ಮಣ್ಣು ಬಳಸಬಾರದು. ಪಕ್ಕದಲ್ಲೂ ತೂತುಗಳಿರುವ ಮಣ್ಣಿನ ಕುಂಡಕ್ಕೆ ಇದ್ದಿಲು, ಇಟ್ಟಿಗೆ ಚೂರು, ತೆಂಗಿನ ಸಿಪ್ಪೆಯ ತುಂಡುಗಳನ್ನು ತುಂಬಿ ನೆಡಬೇಕು. ತುಂಬಿದ್ದು ಒಣಗಿದ ಮೇಲೆಯೇ ನೀರು ಕೊಡಬೇಕು. ನೀರು ಸಾಲದೆ ಸಾಯುವ ಗಿಡಗಳಿಗಿಂತ ಅತಿ ನೀರಿನಿಂದ ಬೇರು ಕೊಳೆತು ಸಾಯುವವೇ ಹೆಚ್ಚು. ಆದ್ದರಿಂದ ಜಡಿಮಳೆಯಲ್ಲಿ ಕುಂಡಗಳನ್ನು ಸೂರಿನಡಿ, ಗಾಳಿಯಾಡುವೆಡೆ ಇಡಬೇಕು. ಎಲೆ ಕಡುಹಸಿರಾದರೆ ಬೆಳಕು ಸಾಲದೆಂದು ತಿಳಿದು, ಬೆಳಗಿನ ಎಳೆಬಿಸಿಲು ಬೀಳುವಲ್ಲಿಗೆ ಸರಿಸಿರಿ. ತಿಳಿಹಸಿರು ಎಲೆಯ ಗಿಡವೇ ಚೆನ್ನಾಗಿ ಹೂ ಬಿಡುತ್ತದೆ.